ಗೂಳಿಬೆಟ್ಟದ ಸಾಕ್ಷಿ

ಗೂಳಿಬೆಟ್ಟದಲ್ಲಿ ಆಡಿದ ಮಾತು ಸರಿಯಾಗಿ ಒಂದು ಗಂಟೆಯ ನಂತರ ಬಂಡೆಗಳಿಂದ ವಾಪಸ್ಸು ಬರುತ್ತದೆ. ಅದಕ್ಕೇ ಆ ಬೆಳಿಗ್ಗೆ ಒಬ್ಬನೇ ಸೈಕಲ್ಲಿನಲ್ಲಿ ಬೆಟ್ಟ ಹತ್ತುವಾಗ ನಾನು ಏರಿನುದ್ದಕ್ಕೂ ತುಟಿ ಬಿಚ್ಚಿರಲಿಲ್ಲ.

ನೆತ್ತಿಯ ಮೇಲೆ ಚಿಕ್ಕತಾಯಮ್ಮ ಮತ್ತು ಅವರ ಗಂಡ ನಡೆಸುವ ಹೋಟೆಲಿದೆ. ಪೂರ್ತಿ ಏರನ್ನು ಸೈಕಲ್ ತುಳಿದುಕೊಂಡೇ ಹತ್ತಿ ಬಂದವರ ಹೆಸರನ್ನು ಅದರ ಗೋಡೆಯ ಮೇಲೆ ಬರೆಯುತ್ತಾರೆ. ಇದುವರೆಗೆ ಇದ್ದದ್ದು ಏಳೇ ಹೆಸರು.

"ನನ್ನದೂ ಬರೀರಿ ಅಮ್ಮ, ಶ್ರೀಪತಿ ಅಂತ. ಒಂದ್ಸಲಾನೂ ಕಾಲು ಊರಿಲ್ಲ."

"ಬರೆಯೋಣಂತೆ ಕನಪ್ಪ. ಮೊದ್ಲು ಬೆಟ್ಟ ಏನಂತದೋ ಕೇಳಾನ. ಅಲ್ಲೀಗಂಟ ಬೋಂಡ ತಿನ್ನು, ಈಗ ತಾನೇ ಕರ್ದಿರೋದು."

ಧೈರ್ಯವಾಗಿ ನಾಲ್ಕು ತಿಂದೆ. ಐದನೆಯದು ಬಾಯಿಯ ಹತ್ತಿರವಿದ್ದಾಗ ಬಂಡೆಗಳಿಂದ ಗಂಡಸಿನ ದನಿಯೊಂದು ಮೊಳಗಿತು: "ಟ್ರ್ಯಾಕ್ಟರ್ ಹಿಂದೆ ಗಟ್ಯಾಗಿ ಹಿಡ್ಕಳಿ ಸಾರ್! ತಿರುವಲ್ಲಿ ಕೈ ಬುಟ್ಬುಟ್ಟೀರಾ!"

ನಾನೇನೋ ಬರೀ ಕೈಸನ್ನೆ ಮಾಡಿದ್ದೆ. ಡ್ರೈವರಿಗೂ ಬಾಯಿದೆ ಎಂಬುದು ಹೊಳೆದಿರಲಿಲ್ಲ.

ಚಿಕ್ಕತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನಗತೊಡಗಿದರು. ಆ ನಗು ಮುಗಿಯುವ ಮೊದಲೇ ಬೆಟ್ಟ ಅವರದೇ ದನಿಯಲ್ಲಿ ಕೂಗಿತು: "ಏನೂಂದ್ರೆ, ಕೆಳಗೆ ಸೈಕಲ್ನೋರೊಬ್ರು ಬತ್ತಾವ್ರೆ! ನಿನ್ನೆ ಬೋಂಡಾನೇ ಇನ್ನೊಂದ್ಸಲ ಎಣ್ಣೆಗ್ ಬುಡಿ!"

ಒಳಗೆ ಬಾಣಲೆಯ ಸದ್ದು ನಿಂತಿತು. ನಾನು ಕೈಯಲ್ಲಿದ್ದ ಬೋಂಡ ನೋಡಿದೆ. ಅವರು ಗೋಡೆ ನೋಡಿದರು. ಆಮೇಲೆ ಸೀಮೆಸುಣ್ಣ ಎತ್ತಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಹೆಸ್ರೇನಂದೆ? ಮೆಲ್ಗೆ ಹೇಳು, ಬೆಟ್ಟಕ್ಕೆ ಕೇಳ್ಸೀತು."