ತಟ್ಟೆಗೆ ಬಿದ್ದ ಎರಡು ರೂಪಾಯಿ

ಅತ್ತೆ ಹಾಕಿದ ಎರಡು ರೂಪಾಯಿ ತಟ್ಟೆಯಲ್ಲಿ ಠಣ್ ಎಂದಿತು. ಆಸ್ಪತ್ರೆಯ ಗೇಟಿಗೆ ಒರಗಿ ಕೂತಿದ್ದ ಮುದುಕ ತಲೆ ಎತ್ತಿದ. ಅತ್ತೆಯ ಪಕ್ಕದಲ್ಲಿದ್ದ ಬಸುರಿ ಸೊಸೆ ಅವನ ಗುರುತು ಹಿಡಿದಳು. ಅವನು ಅವಳ ಅಪ್ಪ. ಕುಡಿದು ಬಂದು ಅಮ್ಮನ ಕೈ ಮುರಿದ ದಿನ, "ನೀನು ನಮ್ಮ ಪಾಲಿಗೆ ಸತ್ತೆ, ಹೋಗು" ಎಂದು ಅವನ ಮುಖಕ್ಕೆ ಬಾಗಿಲು ಹಾಕಿದವಳು ಅವಳೇ. ಗಂಡನ ಮನೆಯಲ್ಲೂ ಅಪ್ಪ ತೀರಿಕೊಂಡ ಎಂದೇ ಹೇಳಿದ್ದಳು.

"ಈಗೆಲ್ಲ ಎರಡು ರೂಪಾಯಿ ಹಾಕಿದ್ರೆ ಭಿಕ್ಷುಕರೇ ನಮ್ಮನ್ನ ಭಿಕ್ಷುಕರ ಥರ ನೋಡ್ತಾರೆ ಕಣೇ," ಎಂದು ಅತ್ತೆ ನಕ್ಕರು. ಮುದುಕ ಹಾಗೆ ನೋಡಲಿಲ್ಲ. ಅವನ ಕಣ್ಣು ಮಗಳ ಮುಖದಲ್ಲಿ ನಿಂತು, ಮೆಲ್ಲಗೆ ಅವಳ ತುಂಬಿದ ಹೊಟ್ಟೆಗೆ ಇಳಿಯಿತು. "ಪುಟ್ಟಿ" ಎನ್ನಲು ಅವನ ತುಟಿ ಅದುರಿದ್ದು ಅವಳಿಗೆ ಕಂಡಿತು. ಇನ್ನೇನು ಕೂಗೇ ಬಿಡುತ್ತಾನೆ ಎಂದು ಅವಳು ಅತ್ತೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಅವನು ಕೂಗಲಿಲ್ಲ. ನಾಣ್ಯವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ. ತುಂಬ ಹೊತ್ತು ಒತ್ತಿಕೊಂಡೇ ಇದ್ದ. ಆಮೇಲೆ ಮಗಳಿಗೆ ಕೈಮುಗಿದು, "ಸುಖವಾಗಿ ಹೆರಿಗೆ ಆಗ್ಲಿ ತಾಯಿ. ನೀವು ನೂರು ಕಾಲ ಚೆನ್ನಾಗಿರಿ," ಎಂದ. ಅಪ್ಪ ಅವಳನ್ನು 'ನೀವು' ಎಂದದ್ದು ಅದೇ ಮೊದಲು.

ಅತ್ತೆಯ ಮನಸ್ಸು ಕರಗಿತು. "ಎರಡು ರೂಪಾಯಿಗೆ ಎಷ್ಟು ಒಳ್ಳೇ ಮಾತು! ಅಲ್ಲಪ್ಪಾ, ನಿನಗೆ ಮಕ್ಕಳು ಮರಿ ಯಾರೂ ಇಲ್ವಾ?"

ತಡೆಯಲಾರದೆ ಸೊಸೆ, "ಅತ್ತೇ, ಇವರು..." ಎಂದು ಬಾಯಿ ತೆರೆದಳು.

"ಇಲ್ಲಮ್ಮಾ," ಎಂದು ಮುದುಕ ಅವಳ ಮಾತಿಗೆ ಅಡ್ಡ ಬಂದ. "ನನಗೆ ಯಾರೂ ಇಲ್ಲ."