ಡಬ್ಬಿಯ ಕೊನೆಯ ಚಿಪ್ಪು

ಹೊಳೆ ಉಕ್ಕಿ ಮಾಳಿಗೆಯ ಅಂಚಿಗೆ ಬಂದಾಗ ಮುದುಕಿ ಚಂಪಾಬಾಯಿಯ ಡಬ್ಬಿಯಲ್ಲಿ ಉಳಿದದ್ದು ಒಂದೇ ಚಿಪ್ಪು. ಈಜು ಕಲಿತ ದಿನ ನೀರಿನ ತಳದಿಂದ ತಂದದ್ದು ಅದು.

ಅವಳು ಡಬ್ಬಿಯೊಳಗಿನ ಬಾಲ್ಯದ ಸಾಮಾನು ಕೊಟ್ಟು ‘ಮರತೆ’ ಎಂದರೆ ಅದರೊಡನೆ ಕಲಿತ ವಿದ್ಯೆಯೂ ಪಡೆದವರ ಪಾಲಾಗುತ್ತಿತ್ತು. ಎತ್ತರದಲ್ಲಿ ತಲೆಸುತ್ತು ಬರುತ್ತಿದ್ದ ಗೌಂಡಿಗೆ ಬುಗುರಿ ಕೊಟ್ಟ ಮೇಲೆ ಚಂಪಾಬಾಯಿ ಏಣಿ ಕಂಡರೆ ನಡುಗುತ್ತಿದ್ದಳು. ಕೂಗಲು ನಾಚುತ್ತಿದ್ದ ತರಕಾರಿಯ ಹಸೀನಾಳಿಗೆ ಪೀಪಿ ಕೊಟ್ಟ ಮೇಲೆ ಚಂಪಾಬಾಯಿಯ ದನಿ ಪಿಸುಮಾತಾಗಿತ್ತು. ಇವತ್ತು ಅವಳನ್ನು ಮಾಳಿಗೆಗೆ ಎಳೆದುಕೊಂಡವಳೂ ಹಸೀನಾಳೇ.

ಜೋತುಬಿದ್ದ ಕರೆಂಟಿನ ತಂತಿಗಳಿಗೆ ಹೆದರಿ, ಜನರನ್ನು ಒಯ್ಯಲು ಬಂದ ದೋಣಿ ಹುಣಸೆಮರದ ಬಳಿಯೇ ನಿಂತಿತ್ತು.

“ನೀವs ಈಜಿ ಹೋಗ್ರಿ ಬಾಯಾರ,” ಎಂದಳು ಹಸೀನಾ.

“ಈ ಮುದಿ ರಟ್ಟಿಗೆ ಸೆಳವು ತಡೀತದೇನ? ಹಿಡಿ ಇದನ್ನ.”

ಚಿಪ್ಪು ಕೊಟ್ಟರೂ ಮಾತು ನಾಲಿಗೆಯಲ್ಲೇ ಅಂಟಿತು. ನೀರು ಹೆಬ್ಬೆರಳು ಮುಟ್ಟಿತು.

“ಮರತೆ,” ಎಂದು ಪಿಸುಗುಟ್ಟಿದಳು ಚಂಪಾಬಾಯಿ.

ಮರುಗಳಿಗೆಯೇ ಹೊಳೆ ಅವಳಿಗೆ ಗುರುತಿಲ್ಲದ ಯಾರೋ ಎನಿಸಿ, ಹೆದರಿ ಮಾಳಿಗೆಯ ಮೋಟುಗೋಡೆ ತಬ್ಬಿಕೊಂಡಳು. ಹಸೀನಾ ಚಿಪ್ಪನ್ನು ಸೆರಗಿಗೆ ಗಂಟುಹಾಕಿ ಧುಮುಕಿದಳು. ಸೆಳವು ಅವಳನ್ನು ಎರಡು ಸಲ ಮುಳುಗಿಸಿ ಎತ್ತಿತು. ಕೊನೆಗೂ ಅವಳ ಕೈಗೆ ದೋಣಿ ಸಿಕ್ಕಿತು.

ಅವಳನ್ನು ಹತ್ತಿಸಿಕೊಂಡ ಅಂಬಿಗ ದೋಣಿ ತಿರುಗಿಸತೊಡಗಿದ. ಚಂಪಾಬಾಯಿ ಬಾಯಿ ತೆರೆದಳು, ದನಿ ಹೊರಡಲಿಲ್ಲ.

ಆಗ, ತಾನು ಹುಡುಗಿ ಚಂಪಿಯಾಗಿದ್ದಾಗ ಓಣಿ ತುಂಬ ಕೂಗುತ್ತಿದ್ದ ಅದೇ ದನಿ ಹಸೀನಾಳ ಬಾಯಿಂದ ನೀರಿನ ಮೇಲೆ ಹಾಯ್ದು ಬಂತು:

“ಏ ಅಂಬಿಗಾ, ನಿಂದ್ರ! ನಮ್ಮಾಕಿ ಇನ್ನೂ ಅಲ್ಲೇ ಅದಾಳ. ಹಗ್ಗ ಕೊಡು, ನಾನs ಈಜಿ ಹೋಗಿ ಕರಕೊಂಡು ಬರ್ತೀನಿ!”