ಗಾಳಿಯ ಕಣ್ಣು

"ಹಾರೆ ಕೆಳಕ್ಕಿಡ್ಲಾ, ನನ್ ಮ್ಯಾಲಾಣೆ!"

ಶಿವರುದ್ರಮ್ಮ ಬಾಣಂತಿ ಕೋಣೆಯ ಹೊರಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಿದ್ದಳು. ಎದುರಿಗೆ ಮಗ ನೀಲಕಂಠಸ್ವಾಮಿ, ಅಂತರಸಂತೆಯ ಸ್ಕೂಲು ಮೇಷ್ಟ್ರು, ಪಂಚೆ ಎತ್ತಿ ಕಟ್ಟಿ ಹಾರೆ ಹಿಡಿದಿದ್ದ.

ಗೋಡೆಯಾಚೆ ಅವನ ಹೆಂಡತಿ ಪುಟ್ಟಮಲ್ಲಮ್ಮನ ಪಕ್ಕದಲ್ಲಿ ಒಂಬತ್ತು ದಿನದ ಕೂಸು ಕೆಮ್ಮುತ್ತಿತ್ತು. ಮಂಚದ ಕೆಳಗೆ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ. ಕೋಣೆಗೆ ಕಿಟಕಿಯಿಲ್ಲ, ಬಾಗಿಲಿಗೂ ಕಂಬಳಿ ಇಳಿಬಿಟ್ಟಿತ್ತು. ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಮೊದಲ ಕೂಸು ಹೀಗೆಯೇ ಕೆಮ್ಮಿ ಕೆಮ್ಮಿ ಸುಮ್ಮನಾಗಿತ್ತು.

"ಅದ್ನ ಗಾಳಿ ತಿಂತು. ಇದ್ಕೂ ಗಾಳಿ ಕರೀತೀಯಾ?"

"ಗಾಳಿಯಲ್ಲ ಕಣವ್ವಾ, ಹೊಗೆ."

"ನಿನ್ನ ಹೆತ್ತಾಗ್ಲೂ ಇದೇ ಹೊಗೆ ಇತ್ತು. ಸತ್ತೋದ್ಯಾ ನೀನು?"

ನೀಲಕಂಠಸ್ವಾಮಿ ಹಾರೆ ಒರಗಿಸಿ, ಜಗಲಿಯಿಂದ ತನ್ನ ದಪ್ಪ ಡಿಕ್ಷನರಿ ತಂದ. ಬಿಳಿಯರು ದೇಶ ಬಿಟ್ಟ ವರ್ಷ ಕಾಫಿತೋಟದ ದೊರೆಯೊಬ್ಬ ಬಿಟ್ಟುಹೋದದ್ದು ಅದು. ವಾದದಲ್ಲಿ ಸೋತಾಗಲೆಲ್ಲ ಅವನು ಅದನ್ನೇ ತರುತ್ತಿದ್ದುದು.

"ಕೇಳಿಲ್ಲಿ. ಇಂಗ್ಲಿಷರು ಕಿಟಕಿಗೆ ವಿಂಡೋ ಅಂತಾರೆ. ಅದು ಅವರದೇ ಮಾತಲ್ಲ. ಹಿಮದ ಸೀಮೆಯಿಂದ ಹಡಗಿನಲ್ಲಿ ಬಂದ ಅವರ ದಾಯಾದಿಗಳದ್ದು. ವಿಂಡ್ ಅಂದ್ರೆ ಗಾಳಿ, ಔಗ ಅಂದ್ರೆ ಕಣ್ಣು. ಗಾಳಿಯ ಕಣ್ಣು! ಆ ದಾಯಾದಿಗಳ ಮನೇಲೂ ನಡುವೆ ಬೆಂಕಿ, ಮನೆ ತುಂಬ ಹೊಗೆ. ಅದಕ್ಕೇ ಕಿಂಡಿ ಬಿಡ್ತಿದ್ರು."

"ನಮ್ ಮಾಗಿ ಚಳಿಯಷ್ಟು ಚಳಿ ಇತ್ತಾ ಅಲ್ಲಿ?"

"ಅದರ ಹತ್ತರಷ್ಟು. ನೀರೇ ಕಲ್ಲಾಗೋಯ್ತದೆ."

"ಅಂಥ ಚಳೀಲಿ ತೂತು ಬುಟ್ಕೊಂಡು, ಅವ್ರ ಕೂಸುಗೋಳು ಬದುಕಿದ್ವಾ?"

ಅದು ಡಿಕ್ಷನರಿಯಲ್ಲಿರಲಿಲ್ಲ. ಅವನು ಒಂದು ಹಾಳೆ ತಿರುವಿದ, ಇನ್ನೊಂದು ತಿರುವಿದ, ಮುಚ್ಚಿದ.

ಗೋಡೆಯಾಚೆಯಿಂದ ಪುಟ್ಟಮಲ್ಲಮ್ಮನ ದನಿ ಬಂತು. "ಬದುಕಿರ್ಬೇಕು ಕಣತ್ತೆ. ಇಲ್ದಿದ್ರೆ ಆ ಮಾತ್ನ ಇಲ್ಲೀಗಂಟ ಹೇಳ್ಕೊಂಡು ಬಂದೋರು ಯಾರು?"

ಕೂಸು ಮತ್ತೆ ಕೆಮ್ಮಿತು. ಈ ಸಲ ಉಸಿರು ತಿರುಗಿ ಬರಲು ತುಸು ಹೊತ್ತೇ ಹಿಡಿಯಿತು. ಶಿವರುದ್ರಮ್ಮ ಗೋಡೆ ಬಿಟ್ಟು ಪಕ್ಕಕ್ಕೆ ಸರಿದಳು.

"ಅಂಗೈಯಗಲ ಅಷ್ಟೇಯ. ಮ್ಯಾಲಕ್ ಮಾಡು, ಕೂಸಿನ ಮ್ಯಾಲೆ ಗಾಳಿ ಬೀಸ್ಕೂಡ್ದು."

ಮಣ್ಣಿನ ಗೋಡೆ, ಹಾರೆಗೆ ಬೇಗ ಸೋತಿತು. ಹೊಗೆ ಎಳೆಎಳೆಯಾಗಿ ಹೊರಗೆ ಹೊರಟಿತು. ಅದು ಹೋದ ದಾರಿಯಲ್ಲೇ ಒಂದು ಹಿಡಿ ಬಿಸಿಲು ಒಳಬಂದು ಎದುರು ಗೋಡೆಯ ಮೇಲೆ ಕುಳಿತಿತು. ಕೂಸಿನ ಕೆಮ್ಮು ನಿಲ್ಲಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ನಡುನಡುವೆ ನಿದ್ದೆ ಮಾಡತೊಡಗಿತು.

ಸಂಜೆ ನೀಲಕಂಠಸ್ವಾಮಿ ಕಂಬಳಿ ಸರಿಸಿ ಇಣುಕಿದ. ಕೂಸಿನ ಕೆನ್ನೆಯ ಮೇಲೆ ಆಗಷ್ಟೇ ಇಟ್ಟ ದೃಷ್ಟಿಬೊಟ್ಟು. ಅವ್ವ ರಾಗಿ ಪೆಟ್ಟಿಗೆ ಹತ್ತಿ ನಿಂತು, ಬೆರಳಲ್ಲಿ ಉಳಿದಿದ್ದ ಕಾಡಿಗೆಯನ್ನು ಆ ತೂತಿನ ಅಂಚಿಗೆ ಸುತ್ತಲೂ ತೀಡುತ್ತಿದ್ದಳು.

"ಏನವ್ವಾ ಅದು?"

ಅವಳು ತಿರುಗಿ ನೋಡಲಿಲ್ಲ.

"ಎಳೇ ಕಣ್ಣು ಕಣ್ಲಾ. ಇದ್ಕೂ ಕಾಡಿಗೆ ಬ್ಯಾಡ್ವಾ?"